ಕಂಪ್ನಿಯೋರು ಕೊಡ್ಲಿ

ನಾಗಮಂಗಲ ತಾಲ್ಲೂಕಿನ ದೇವಲಾಪುರ ಹೋಬಳಿಯಲ್ಲಿ, ಮಗನನ್ನು ಬೆಂಗಳೂರಿನ ಕಂಪನಿಗೆ ಕಳಿಸಿ ತಾವು ರಾಗಿ ಹೊಲವನ್ನೂ ನಾಲ್ಕು ತೆಂಗಿನ ಮರಗಳನ್ನೂ ನೋಡಿಕೊಂಡಿರುವ ಹಿರಿಯರದೊಂದು ಬಗೆಯಿದ್ದು, ಅವರನ್ನು ‘ಕೊಡ್ಲಿವಾದಿ’ಗಳೆಂದು ಕರೆಯಬಹುದು. ಕಸ ಗುಡಿಸುವವನಿಂದ ಹಿಡಿದು ಪ್ರತಿಯೊಬ್ಬ ನೌಕರನಿಗೂ ಕಂಪನಿಗಳು ಕೈತುಂಬ ಸಂಬಳವನ್ನು ಕೊಡಲೇಬೇಕೆಂಬುದು ಇವರ ಸಿದ್ಧಾಂತ. ‘ಕೊಡ್ಲಿ’ ಎಂಬುದು ಇಲ್ಲಿ ಕ್ರಿಯಾಪದವೇ ಹೊರತು ಮರ ಕಡಿಯುವ ಸಾಧನವಲ್ಲ, ಆದರೂ ಅವರ ದನಿಯಲ್ಲಿ ಎರಡಕ್ಕೂ ಹೆಚ್ಚಿನ ಅಂತರ ಕಾಣುವುದಿಲ್ಲ.

ಸಿದ್ಧಾಂತ ಮಂಡನೆಗೆ ಹೋಟೆಲಿನ ಬೆಂಚು, ಅರ್ಧ ಟೀ ಹಾಗೂ ಯಾರದೋ ಮದುವೆಯ ಲಗ್ನಪತ್ರಿಕೆಯ ಹಿಂಬದಿ ಸಾಕಾಗುತ್ತದೆ. ಮಗನ ಕಂಪನಿಯ ಮುಖ್ಯಸ್ಥನ ಸಂಬಳವನ್ನು ಅದರ ಮೇಲೆ ಬರೆದು, ನೌಕರರ ತಲೆಗಳಿಂದ ಭಾಗಿಸಿ, ಉಳಿದ ಶೇಷವನ್ನೂ ಅವರಿಗೇ ಹಂಚಿಬಿಡುವಷ್ಟು ಉದಾರಿಗಳಿವರು. ಸಿಯಾಟಲ್‌ನ ಗ್ರಾವಿಟಿ ಪೇಮೆಂಟ್ಸ್ ಎಂಬ ಕಂಪನಿಯ ಮುಖ್ಯಸ್ಥ 2015ರಲ್ಲಿ ತನ್ನ ಸಂಬಳವನ್ನು ಇಳಿಸಿಕೊಂಡು, ಎಲ್ಲ ನೌಕರರಿಗೂ ವರ್ಷಕ್ಕೆ ಕನಿಷ್ಠ 70,000 ಡಾಲರ್ ಕೊಡುವುದಾಗಿ ಸಾರಿದ ಸಂಗತಿ ವಾಟ್ಸಾಪಿನಲ್ಲಿ ಬಂದಂದಿನಿಂದ, “ಅವ್ನು ಗಂಡ್ಸು ಕನ್ಲಾ” ಎಂಬ ಪ್ರಶಸ್ತಿಯನ್ನು ಆತನಿಗೆ ದಿನವೂ ಪ್ರದಾನ ಮಾಡಲಾಗುತ್ತಿದೆ.

ಇದೇ ತತ್ತ್ವ ರಾಗಿ ಕುಯಿಲಿನ ಹೊತ್ತಿಗೆ ತುಸು ಸೊರಗುತ್ತದೆ. ಕೂಲಿಯ ಕೆಳಮಿತಿಯನ್ನು ಸರ್ಕಾರವೇ ಗೊತ್ತುಪಡಿಸುವುದಕ್ಕೆಂದು ಬಂದ 1948ರ ಕನಿಷ್ಠ ವೇತನ ಕಾಯ್ದೆಯು, ತನ್ನ ಅನುಸೂಚಿಯ, ಎಂದರೆ ಅನ್ವಯವಾಗುವ ಕಸುಬುಗಳ ಪಟ್ಟಿಯ, ಎರಡನೆಯ ಭಾಗವನ್ನು ಇಡಿಯಾಗಿ ಬೇಸಾಯಕ್ಕೇ ಮೀಸಲಿಟ್ಟಿತ್ತು. ಈ ಲೆಕ್ಕದಲ್ಲಿ ಕೊಡ್ಲಿವಾದಿಯೂ ಒಬ್ಬ ಮಾಲೀಕನೇ ಎಂಬುದನ್ನು ಬೆಂಚಿನಲ್ಲಿ ಯಾರೂ ಎತ್ತುವುದಿಲ್ಲ, ಟೀ ದುಡ್ಡು ಅವರೇ ಕೊಡುವುದರಿಂದ. ರಾಗಿಗೆ ಮಾತ್ರ ಕೆಳಮಿತಿ ಬೇಕೇಬೇಕು: 2025-26ರ ಸಾಲಿಗೆ ಕ್ವಿಂಟಲಿಗೆ 4,886 ರೂಪಾಯಿಯ ಬೆಂಬಲ ಬೆಲೆಯನ್ನು, ಅಂದರೆ ಅದಕ್ಕಿಂತ ಕಡಿಮೆಗೆ ರೈತ ಮಾರುವಂತಾಗಬಾರದೆಂದು ಕೇಂದ್ರ ಸರ್ಕಾರ ಕಟ್ಟಿದ ದರವನ್ನು, ಇವರು ನಿದ್ದೆಗಣ್ಣಿನಲ್ಲೂ ಹೇಳಬಲ್ಲರು. ತೆನೆಗಿರುವ ಈ ಆಸರೆ ಅದನ್ನು ಕುಯ್ದವಳಿಗೂ ಇರಬೇಡವೇ ಎಂದರೆ, ಗೊಬ್ಬರದ ಬೆಲೆ, ಕೈಕೊಟ್ಟ ಮಳೆ, ಹಂದಿಗಳ ಹಾವಳಿ ಎಲ್ಲವೂ ಸಾಲಾಗಿ ಬರುತ್ತವೆ. ಅವೂ ಸುಳ್ಳೇನಲ್ಲ.

ಸಂಜೆ ಬಟವಾಡೆಯಾಗುವಾಗ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ, ಪ್ರತಿ ನೋಟನ್ನೂ ಎರಡೆರಡು ಸಲ ತಿಕ್ಕಿ ನೋಡಿ ಎಣಿಸಿದ ಮೇಲೆ, ಐವತ್ತರದೊಂದು ನೋಟು ಹೇಗೋ ಅಂಗಿಯ ಜೇಬಿಗೇ ಮರಳುತ್ತದೆ. “ಅಣ್ಣಯ್ಯ, ಇನ್ನೈವತ್ತು?” ಎಂದು ಕುಡುಗೋಲು ಹಿಡಿದವಳು ಕೇಳಿದರೆ, “ಚಿಲ್ರೆ ಇಲ್ಲ ಕನವ್ವ, ನೀನೇನು ಹೊರಗಿನೋಳಾ?” ಎಂದು ಕೂಲಿಯ ಬಾಕಿಯನ್ನು ನಂಟಸ್ತಿಕೆಯಲ್ಲಿ ತೀರಿಸಲಾಗುತ್ತದೆ. ಗಂಡಾಳಿಗೆ ಇದಕ್ಕಿಂತ ಹೆಚ್ಚು ಕೊಡುವುದನ್ನು ಹಿರಿಯರ ಕಾಲದ ಪದ್ಧತಿಯೆನ್ನುತ್ತಾರೆ.

ಮಗ ಎರಡು ವರ್ಷಗಳಲ್ಲಿ ಮೂರು ಕಂಪನಿ ಬದಲಿಸಿದ್ದನ್ನು ಬುದ್ಧಿವಂತಿಕೆಯೆಂದು ಕೊಂಡಾಡುವ ಇವರು, ಐವತ್ತು ರೂಪಾಯಿ ಹೆಚ್ಚು ಕೊಡುವ ಪಕ್ಕದೂರಿನ ಹೊಲಕ್ಕೆ ಲಗೇಜ್ ಆಟೊ ಹತ್ತಿ ಹೋದ ಹೆಣ್ಣಾಳುಗಳಲ್ಲಿ ದುರಾಸೆಯನ್ನು ಕಂಡು ಮರುಗುತ್ತಾರೆ. ಆಗ ನೆನಪಾಗುವುದು ಮುಯ್ಯಾಳು, ಎಂದರೆ ಇಂದು ನಿನ್ನ ಹೊಲದಲ್ಲಿ ನಾನು, ನಾಳೆ ನನ್ನದರಲ್ಲಿ ನೀನು ದುಡಿಯುವ, ದುಡ್ಡಿನ ಸೋಂಕಿಲ್ಲದ ಹಳೆಯ ಏರ್ಪಾಡು. ಆದರೆ ತೀರಿಸಬೇಕಾದ ಮುಯ್ಯಿಗೆ ಮಗ ಊರಲ್ಲಿಲ್ಲ, ತಮಗೆ ಸೊಂಟನೋವು. ಮೋಡ ಕವಿದು ತೆನೆ ಉದುರುವ ಭಯ ಹಿಡಿದ ಮರುದಿನ, ಬೆಳಗಿನ ಏಳಕ್ಕೇ ಆ ಆಟೊ ಬರುವ ತಿರುವಿನಲ್ಲಿ ಕೊಡ್ಲಿವಾದಿ ಕೈ ಅಡ್ಡ ಹಿಡಿದು ನಿಂತಿರುತ್ತಾರೆ. ಜೇಬಿನಲ್ಲಿ ಅಂದು ಚಿಲ್ಲರೆಯೂ ಇರುತ್ತದೆ.