ಹೊಳೆಗಿಳಿಯುವ ಬೂಟು

ಗೊರೂರಿನಲ್ಲಿ ಹುಟ್ಟಿ ಲಲಿತ ಪ್ರಬಂಧ ಬರೆಯಲು ಧೈರ್ಯ ಬೇಕು. ಬೂಟು ಹಾಕಿಕೊಂಡು ಹೇಮಾವತಿಗೆ ಇಳಿಯಲು ಅದಕ್ಕಿಂತ ಹೆಚ್ಚು ಧೈರ್ಯ ಬೇಕು. ಬರೆಯುವುದನ್ನೆಲ್ಲ ರಾಮಸ್ವಾಮಿ ಅಯ್ಯಂಗಾರ್ಯರು ಆಗಲೇ ಬರೆದು ಮುಗಿಸಿದ್ದಾರೆ. ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಅಮೆರಿಕದಿಂದ ನನಗೆ ಬಂದದ್ದು ಬೂಟು.

ಕಳಿಸಿದವನು ಅಕ್ಕನ ಮಗ. ಮಾವ ಹವಾಯಿ ಚಪ್ಪಲಿಯಲ್ಲಿ ಪಾಚಿಬಂಡೆ ಮೇಲೆ ನಿಂತು ಗಾಳ ಹಾಕುವ ಫೋಟೊ ನೋಡಿ ಅವನಿಗೆ ಎದೆ ಧಸಕ್ಕೆಂದಿತಂತೆ. ಬೂಟಿನ ಪಕ್ಕದಲ್ಲಿ ಸಣ್ಣ ಸಣ್ಣ ತೂತುಗಳಿದ್ದವು. ಇಷ್ಟು ದುಡ್ಡು ಕೊಟ್ಟು ತೂತಿನ ಮಾಲು ತಂದಿದ್ದಾನಲ್ಲ ಎಂದುಕೊಂಡು ಫೋನು ಮಾಡಿದೆ. ಇದು ನೀರು ತಡೆಯುವ ಬೂಟಲ್ಲವಂತೆ. ನೀರು ಒಳಗೆ ಬರಬೇಕು, ಬಂದದ್ದು ಹೊರಗೂ ಹೋಗಬೇಕು. ಗದ್ದೆಯ ಗಂಬೂಟಾದರೆ ಒಳಗೆ ಹೋದ ನೀರು ಅಲ್ಲೇ ಠಿಕಾಣಿ ಹೂಡುತ್ತದೆ, ಹರಿವಿನಲ್ಲಿ ಕಾಲೆತ್ತಲು ಬಿಡುವುದಿಲ್ಲ. ಮಾತು ನ್ಯಾಯವಾಗಿಯೇ ಇತ್ತು. ಹಿನ್ನೀರಿನಲ್ಲಿ ಬಲೆ ಬಿಡುವ ಹಿರಿಯರೊಬ್ಬರಿಗೆ ಇದನ್ನೇ ವಿವರಿಸಿದೆ. ಅವರು ಸಾವಧಾನವಾಗಿ ಕೇಳಿ, “ನೀರು ಬತ್ತದೆ, ಹೋಯ್ತದೆ. ನಮ್ ಹವಾಯಿ ಚಪ್ಲಿನೂ ಅದನ್ನೇ ಮಾಡ್ತದಲ್ಲಾ ಮೇಷ್ಟ್ರೇ?” ಎಂದರು.

ಬೂಟು ಆರಿಸುವುದೆಂದರೆ ಅಟ್ಟೆ ಆರಿಸುವುದು, ಉಳಿದದ್ದೆಲ್ಲ ಅಲಂಕಾರ. ಪಾಚಿಯ ಮೇಲೆ ಚೆನ್ನಾಗಿ ಕಚ್ಚಿಕೊಳ್ಳುವುದು ಫೆಲ್ಟ್ ಅಟ್ಟೆ, ಅಂದರೆ ಹೆಚ್ಚುಕಡಿಮೆ ನಮ್ಮ ಕುರಿಕಂಬಳಿಯ ನೆಂಟ. ಆದರೆ ಅದು ಒದ್ದೆಯಾದರೆ ಬೇಗ ಒಣಗುವುದಿಲ್ಲ; ಒಂದು ಹೊಳೆಯ ಪಾಚಿಯನ್ನು ಇನ್ನೊಂದು ಹೊಳೆಗೆ ಹೊತ್ತುಕೊಂಡು ಹೋಗುತ್ತದೆ. ಡಿಡಿಮೋ ಎಂಬ ಪಾಚಿಯ ಹಾವಳಿಗೆ ಹೆದರಿ ನ್ಯೂಜಿಲೆಂಡಿನವರು 2008ರಲ್ಲಿ ಫೆಲ್ಟ್ ಅಟ್ಟೆಯನ್ನೇ ನಿಷೇಧಿಸಿದರು. ಕಂಬಳಿಯ ತುಂಡೊಂದಕ್ಕೆ ದೇಶವೇ ಕಾನೂನು ಮಾಡಿದ್ದು ನನಗೆ ಬಹಳ ಹಿಡಿಸಿತು. ನನ್ನದು ರಬ್ಬರ್ ಅಟ್ಟೆ, ಅದಕ್ಕೆ ಲೋಹದ ಮೊಳೆಗಳು. ಪಾಚಿಯ ಮೇಲೆ ಅವು ಚೆನ್ನಾಗಿ ಹಿಡಿಯುತ್ತವೆ, ನುಣುಪು ಬಂಡೆಯ ಮೇಲೆ ಕಿರ್ರೆಂದು ಜಾರುತ್ತವೆ, ನಮ್ಮ ಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಮಾತ್ರ ಶಾಸನ ಬರೆಯುತ್ತವೆ. ಆ ಶಾಸನದಲ್ಲಿ ನನ್ನ ಹೆಸರಿದೆ ಎಂದು ಮನೆಯಾಕೆ ಬಂದವರಿಗೆಲ್ಲ ತೋರಿಸುತ್ತಾಳೆ.

ಎಲ್ಲಿಗೆ ಹಾಕಬೇಕು ಎಂಬುದೂ ಒಂದು ವಿವೇಕ. 1979ರಲ್ಲಿ ಅಣೆಕಟ್ಟು ಮುಗಿದ ಮೇಲೆ ನಮಗೆ ಎರಡು ಹೇಮಾವತಿಗಳು. ಕೆಳಗಿನದು ಕಲ್ಲಿನ ಹೊಳೆ, ಅಲ್ಲಿ ಬೂಟಿಗೆ ಅರ್ಥವಿದೆ. ಪಾಚಿಗಿಂತಲೂ ಹೆಚ್ಚಾಗಿ, ಪಿಕ್ನಿಕ್ಕಿಗೆ ಬಂದ ಮಹನೀಯರು ಒಡೆದು ಹೋದ ಬಾಟಲಿಗಳಿಂದಾಗಿ. ಗೇಟು ಎತ್ತಿದ ದಿನ ಮಾತ್ರ ಯಾವ ದೇಶದ ಬೂಟೂ ಬೇಡ, ದಡವೇ ಸರಿ. ಮೇಲಿನದು ಹಿನ್ನೀರು. ಬೇಸಿಗೆಯಲ್ಲಿ ನೀರಿಳಿದು ಶೆಟ್ಟಿಹಳ್ಳಿಯ ಮುಳುಗಿದ ಚರ್ಚು ತಲೆಯೆತ್ತಿದಾಗ ಅಂಚಿನಲ್ಲೆಲ್ಲ ಗೋಡುಮಣ್ಣು. ಬರಿಗಾಲನ್ನಾದರೆ ಅದು ಬಿಟ್ಟುಕೊಡುತ್ತದೆ, ಬೂಟನ್ನು ಬಿಡುವುದಿಲ್ಲ. ಅಲ್ಲಿ ಬರಿಗಾಲಿನವನೇ ಜಾಣ. ಅರಕಲಗೂಡು ದಾಟಿ ಕಾವೇರಿ ದಂಡೆಯ ರಾಮನಾಥಪುರಕ್ಕೆ ಹೋದರಂತೂ ಬೂಟು, ಗಾಳ ಎರಡೂ ನಿಷಿದ್ಧ. ಅವು ದೇವರ ಮೀನು; ಕಡಲೆಪುರಿ ಎಸೆದರೆ ಮೆಟ್ಟಿಲಿಗೇ ಬರುತ್ತವೆ.

ಇನ್ನು ಆರೈಕೆ. ಸೈಜು ಒಂದು ದೊಡ್ಡದು ತೆಗೆದುಕೊಳ್ಳಬೇಕು, ದಪ್ಪ ಕಾಲುಚೀಲಕ್ಕೆ ಜಾಗ ಬೇಕಲ್ಲ. ಬಂದ ತಕ್ಷಣ ಕೆಸರು ತೊಳೆಯಬೇಕು. ಬಿಸಿಲಿಗೂ ಒಲೆ ಪಕ್ಕಕ್ಕೂ ಇಡಬಾರದು, ಅಂಟು ಬಿಡುತ್ತದೆ, ನೆರಳಲ್ಲಿ ಒಣಗಿಸಬೇಕು. ಆಷಾಢದ ಗೊರೂರಿನಲ್ಲಿ ನೆರಳಿಗೇನು ಬರ, ಒಣಗುವುದೊಂದೇ ಆಗುವುದಿಲ್ಲ. ಹೊಟ್ಟೆಗೆ ಪೇಪರು ತುರುಕಬೇಕು. ನಮ್ಮ ಮನೆಯಲ್ಲಿ ಪದಬಂಧ ಬಿಡಿಸುವ ಅಪ್ಪನಿಗಿಂತ ಮೊದಲು ಬೂಟೇ ಪೇಪರು ಮುಗಿಸಿರುತ್ತದೆ. ಹಾಕಿಕೊಳ್ಳುವ ಮುನ್ನ ಕೊಡವುವುದು ಕಡ್ಡಾಯ, ಒಳಗೆ ಚೇಳಿಗೂ ಕಪ್ಪೆಗೂ ಒಳ್ಳೆಯ ವಸತಿ. ಇಷ್ಟೆಲ್ಲ ಮಾಡಿಯೂ ಎರಡನೇ ಮಳೆಗಾಲದಲ್ಲಿ ಅಟ್ಟೆ ಬಾಯಿ ತೆರೆಯಿತು. ಹಾಸನದ ಚಮ್ಮಾರರೊಬ್ಬರು ತಿರುಗಿಸಿ ಮುರುಗಿಸಿ ನೋಡಿ, “ಬರೀ ಅಂಟು ನಂಬ್ಕಂಡವ್ರೆ ಸಾರ್” ಎಂದು ಮರುಗಿ ನೈಲಾನ್ ದಾರದಲ್ಲಿ ಸುತ್ತ ಹೊಲಿದುಕೊಟ್ಟರು. ಕೊಳ್ಳುವಾಗ ನೋಡಬೇಕಾದದ್ದು ಹೊಲಿಗೆಯನ್ನೇ ಎಂದು ನನಗೆ ಹೇಳಿದವರು ಅವರೊಬ್ಬರೇ.

ಮೀನೆಷ್ಟು ಸಿಕ್ಕಿತು ಎಂದು ಕೇಳುವವರಿದ್ದಾರೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ ಮಹಸೀರ್ ಎಳೆದರು. ಜನ ಇಂದಿಗೂ ಹೇಳುವುದು ಮೀನಿನ ತೂಕ, ಬೂಟಿನ ಸೈಜಲ್ಲ. ನನಗೆ ಬೀಳುವುದು ಅಂಗೈಯಗಲದ ಜಿಲೇಬಿ ಮೀನು. ಅದನ್ನು ಕಂಡವರೆಲ್ಲ ಬೂಟಿನ ಬಗ್ಗೆಯೇ ಮಾತಾಡುತ್ತಾರೆ.

ಈಚೆಗೆ ಶುಂಠಿ ಹೊಲದಲ್ಲಿ ಹಾವು ಕಾಣಿಸಿದ್ದರಿಂದ ಮನೆಯಾಕೆ ಬೂಟನ್ನು ಹಾಕಿಕೊಂಡು ಹೋಗತೊಡಗಿದ್ದಾಳೆ. ಮಣ್ಣಿನಲ್ಲಿ ಮೊಳೆ ಬಹಳ ಚೆನ್ನಾಗಿ ಹಿಡಿಯುತ್ತದಂತೆ. ಭಾನುವಾರ ನನಗೆ ಬೇಕಾದರೆ ಶನಿವಾರವೇ ಹೇಳಬೇಕು, ತಂದಮೇಲೆ ತೊಳೆದಿಡಬೇಕು.