ಸರ್ವರ್‌ಗೆ ಆಯುಷ್ಯಹೋಮ

ಷೇರುದಾರ: ಗೂಗಲ್‌ನ ಒಡೆಯ ಆಲ್ಫಬೆಟ್ 2023ರಲ್ಲಿ ಸರ್ವರ್‌ಗಳ ಬಾಳಿಕೆಯನ್ನು 4 ವರ್ಷದಿಂದ 6ಕ್ಕೆ ಏರಿಸಿತು. ಸವಕಳಿ ವೆಚ್ಚ ಇಳಿದು, ಒಂದು ಸ್ಕ್ರೂ ತಿರುಗಿಸದೆಯೇ ಲಾಭ ಏರಿತು. ಆಯುಷ್ಯಹೋಮ ಮಾಡಿಸಿದರೇ ಸ್ವಾಮಿ?

ಆಡಿಟರ್: ಲೆಕ್ಕದ ನೀತಿ ಬದಲಾದರೆ ಹಿಂದಿನ ವರ್ಷಗಳನ್ನೂ ತಿದ್ದುತ್ತೇವೆ, ಇದು ಬರೀ ಅಂದಾಜು, ಮುಂದಕ್ಕಷ್ಟೇ. ಟಿಪ್ಪಣಿಯಲ್ಲಿ ಎಲ್ಲ ಹೇಳಿದ್ದಾರಲ್ಲ!

ಷೇರುದಾರ: ಮುಚ್ಚಿಟ್ಟಿಲ್ಲ, ಒಪ್ಪಿದೆ. ಆದರೆ ಮಾರಿದ ವಿಭಾಗವನ್ನು ‘ನಿಲ್ಲಿಸಿದ ವ್ಯವಹಾರ’ವೆಂದು ಬೇರೆ ಸಾಲಿಗೆ ತಳ್ಳುವಾಗ, ಹೋಲಿಕೆ ಕೆಡಬಾರದೆಂದು ಹಳೆಯ ವರ್ಷಗಳನ್ನೂ ಮರುಜೋಡಿಸುತ್ತೀರಿ. ಸವಕಳಿಗೇಕೆ ಆ ಕಾಳಜಿಯಿಲ್ಲ? ಅಮೆಜಾನ್ 2024ರಲ್ಲಿ 5 ವರ್ಷವನ್ನು 6 ಮಾಡಿತು. 2025ರಲ್ಲಿ ಕೆಲವು ಸರ್ವರ್‌ಗಳನ್ನು ಮತ್ತೆ 5ಕ್ಕೆ ಇಳಿಸಿತು.

ಆಡಿಟರ್: ಲಾಭ ತಗ್ಗುವಂತೆಯೂ ತಿದ್ದಿದರಲ್ಲ, ಅದು ಪ್ರಾಮಾಣಿಕತೆ!

ಷೇರುದಾರ: ಇರಬಹುದು. ಹಾಗಾದರೆ ವರ್ಷಕ್ಕೊಮ್ಮೆ ಹೊರಳುವ ಅಂದಾಜಿನ ಪಾಲನ್ನು ವರದಿಯ ಮೊದಲ ಪುಟದಲ್ಲೇ, ಲಾಭದ ಪಕ್ಕ ಅಚ್ಚುಹಾಕಿ.

ಆಡಿಟರ್: ಅಲ್ಲಿ ಜಾಗವೆಲ್ಲಿ? ಅಧ್ಯಕ್ಷರ ಫೋಟೋ ಇದೆ.