ದೆವ್ವ ಇರುವುದು ಪಕ್ಕದ ಊರಿನಲ್ಲಿ

ಶಿವಮೊಗ್ಗದ ಕಡೆಯ ಆ ನಿವೃತ್ತ ಕನ್ನಡ ಮೇಷ್ಟ್ರಿಗೆ ದೆವ್ವದಲ್ಲಿ ನಂಬಿಕೆಯಿಲ್ಲ, ದೆವ್ವದ ಕಥೆ ಎಂದರೆ ಮಾತ್ರ ಪ್ರಾಣ. ಪಿಂಚಣಿ ಶುರುವಾದ ತಿಂಗಳೇ ಹೆಗಲಿಗೊಂದು ಚೀಲ ಏರಿಸಿದರು. ಅದರಲ್ಲಿ ನೂರು ಪುಟದ ನೋಟ್‌ಬುಕ್ಕು, ರೆಕಾರ್ಡ್ ಮಾಡಲು ಮೊಬೈಲು, ಒಂದು ಪೊಟ್ಟಣ ಎಲೆಯಡಿಕೆ. ಎಲೆಯಡಿಕೆ ಅವರಿಗಲ್ಲ, ಕಥೆ ಹೇಳುವವರಿಗೆ. “ಈ ವಯಸ್ಸಲ್ಲಿ ಜನ ಕಾಶಿಗೆ ಹೋಗ್ತಾರೆ, ಇವರು ಕಂಡ ಕಂಡ ಊರಿನ ಸ್ಮಶಾನದ ದಾರಿ ವಿಚಾರಿಸ್ತಾರೆ” ಎಂಬುದು ಮನೆಯಾಕೆಯ ದೂರು.

ಮೊದಲ ವಾರದಲ್ಲೇ ಮೇಷ್ಟ್ರಿಗೆ ಒಂದು ವಿಷಯ ಖಾತ್ರಿಯಾಯಿತು: ದೆವ್ವ ಕಂಡವರು ಯಾವಾಗಲೂ ಪಕ್ಕದ ಊರಿನವರು. ತೀರ್ಥಹಳ್ಳಿ ದಾರಿಯ ಚಹಾದಂಗಡಿಯವನು ತಾನು ಕಂಡಿಲ್ಲ, ತನ್ನ ಷಡ್ಡಕ ಕಂಡಿದ್ದಾನೆ ಎಂದ. ಎರಡು ಬಸ್ಸು ಬದಲಿಸಿ ಹೋದರೆ ಷಡ್ಡಕ ಅಡಿಕೆ ಸುಲಿಯುತ್ತ ಕೂತಿದ್ದ. “ನಾನೆಲ್ಲಿ ಕಂಡೆ ಮಾರಾಯ್ರೆ, ಕಂಡಿದ್ದು ನಮ್ಮ ಗದ್ದೆ ಕೆಲಸಕ್ಕೆ ಬರೋನು.” ಗದ್ದೆ ಕೆಲಸದವನು ತೋರಿಸಿದ್ದು ತನ್ನ ಅಪ್ಪನನ್ನು. ಅಪ್ಪ ತೀರಿಕೊಂಡು ಹತ್ತು ವರ್ಷವಾಗಿತ್ತು. ಕಣ್ಣಾರೆ ಕಂಡ ಏಕೈಕ ಸಾಕ್ಷಿ ಎದುರು ಪಕ್ಷ ಸೇರಿಬಿಟ್ಟಿದ್ದ.

ಇದು ನಮ್ಮ ಊರಿನ ಜನಕ್ಕೆ ಮಾತ್ರ ಅಂಟಿದ್ದಲ್ಲ. ಇಂಥ ಸಾಕ್ಷಿಗೆ ಇಂಗ್ಲೆಂಡಿನ ರಾಡ್ನಿ ಡೇಲ್ 1978ರಲ್ಲೇ ‘ಸ್ನೇಹಿತನ ಸ್ನೇಹಿತ’ ಎಂದು ಹೆಸರಿಟ್ಟಿದ್ದ. ನಮ್ಮಲ್ಲಿ ಅವನು ಷಡ್ಡಕನಾಗಿದ್ದಾನೆ, ಅಷ್ಟೇ. ರಾತ್ರಿ ಹೆದ್ದಾರಿಯಲ್ಲಿ ಬಿಳಿ ಸೀರೆಯ ಹೆಂಗಸು ಕೈ ಅಡ್ಡ ಹಾಕಿ ಲಿಫ್ಟ್ ಕೇಳುವ, ಹತ್ತಿ ಕೂತವಳು ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಾಯವಾಗುವ ಕಥೆ ಬೆಂಗಳೂರಿನ ಹೊಸೂರು ರಸ್ತೆಯದೆಂದು ಎಷ್ಟೋ ಮಂದಿ ಆಣೆ ಮಾಡಿ ಹೇಳುತ್ತಾರೆ. ಅಮೆರಿಕದಲ್ಲಿ ಬಿಯರ್ಡ್ಸ್‌ಲಿ ಮತ್ತು ಹ್ಯಾಂಕಿ ಎಂಬಿಬ್ಬರು 1942ರ ಹೊತ್ತಿಗೇ ಇಂಥ 79 ವರದಿಗಳನ್ನು ಕೂಡಿಹಾಕಿದ್ದರು. ಜಾನಪದ ಆಶಯಗಳ ಆರು ಸಂಪುಟದ ಸೂಚಿ ಮಾಡಿದ ಸ್ಟಿತ್ ಥಾಂಪ್ಸನ್ನನ ಪದ್ಧತಿಯಲ್ಲಿ ಆಕೆಯ ಸಂಖ್ಯೆ ಇ332.3.3.1. ಹೆದ್ದಾರಿಯ ಮೇಲೆ ಓಡಾಡುವ ದೆವ್ವಕ್ಕೆ ಒಂದು ನಂಬರ್ ಪ್ಲೇಟಾದರೂ ಇರಲಿ ಎಂದು ಮೇಷ್ಟ್ರು ಅದನ್ನು ಭಕ್ತಿಯಿಂದ ಬರೆದುಕೊಂಡರು.

ಮಲೆನಾಡಿನಲ್ಲಿ ಅವರಿಗೆ ರಾಶಿ ರಾಶಿ ಸಿಕ್ಕಿದ್ದು ಕೊಳ್ಳಿದೆವ್ವ. ರಾತ್ರಿ ಗದ್ದೆಬಯಲಿನ ಆಚೆ ಬೆಂಕಿಕೊಳ್ಳಿಯೊಂದು ಹೊತ್ತುತ್ತ, ಆರುತ್ತ, ಕುಪ್ಪಳಿಸುತ್ತ ಹೋಗುತ್ತದೆ. ಹಿಂದೆ ಬಿದ್ದವನು ಬೆಳಗಿನವರೆಗೆ ಅದೇ ಬಯಲು ಸುತ್ತುತ್ತಾನೆ. ವಿಜ್ಞಾನದ ಮೇಷ್ಟ್ರುಗಳು ‘ಜೌಗಿನ ಅನಿಲ’ ಎಂದು ಷರಾ ಬರೆದು ಫೈಲು ಮುಚ್ಚುತ್ತಾರೆ. ಜೌಗಿನಿಂದ ಮೀಥೇನ್ ಏಳುವುದು ನಿಜವೇ. ಇಟಲಿಯ ವೋಲ್ಟಾ 1776ರಲ್ಲಿ ಸರೋವರದ ಅಂಚಿನ ಕೆಸರು ಕದಡಿ ಅದನ್ನು ಹಿಡಿದಿದ್ದ. ಆದರೆ ಮೀಥೇನಿಗೆ ಯಾರಾದರೂ ಕಡ್ಡಿ ಗೀರಬೇಕು, ತಾನಾಗಿ ಹೊತ್ತಿಕೊಳ್ಳುವುದಿಲ್ಲ. ಫಾಸ್ಫೀನ್ ಜಾತಿಯ ಅನಿಲ ಆ ಕೆಲಸ ಮಾಡುತ್ತದೆ ಎಂಬ ವಾದ ಇನ್ನೂ ವಾದವಾಗಿಯೇ ಇದೆ. ಹೊಸನಗರದ ಕಡೆಯ ಹಿರಿಯರೊಬ್ಬರು ಇದಕ್ಕಿಂತ ಗಟ್ಟಿಯಾದ ವಿವರಣೆ ಕೊಟ್ಟರು: “ಮೊದಲ ಮಳೆಗೆ ಹತ್ತುಮೀನು ಕಡಿಯಕ್ಕೆ ಸೂಡಿ ಹಿಡ್ಕಂಡು ಹೋಗ್ತಿದ್ದೋರು ನಾವೇ. ನಮ್ಮ ಬೆಳಕು ನೋಡಿ ಆಚೆ ದಡದೋರು ಹೆದರ್ತಿದ್ರು. ಆಚೆ ದಡದಲ್ಲಿ ಕಳ್ಳಬಟ್ಟಿ ಕಾಯಿಸೋರ ಬೆಂಕಿ ನೋಡಿ ನಾವು ಹೆದರ್ತಿದ್ವಿ. ಯಾರೂ ಹತ್ತಿರ ಹೋಗಿ ವಿಚಾರಿಸ್ತಿರ್ಲಿಲ್ಲ. ಇಬ್ಬರಿಗೂ ಅನುಕೂಲ!”

ಹುಣಸೆಮರದಲ್ಲಿ ದೆವ್ವವಿದೆ ಎಂಬ ಮಾತಿಗೂ ಹೀಗೇ ಒಂದು ‘ವೈಜ್ಞಾನಿಕ ಕಾರಣ’ ಓಡಾಡುತ್ತದೆ: ರಾತ್ರಿ ಮರ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಕೆಳಗೆ ಮಲಗಿದವನಿಗೆ ಉಸಿರು ಕಟ್ಟುತ್ತದೆ. ಬಿಡುವುದೇನೋ ಸರಿ. ಎಲ್ಲ ಮರವೂ ಬಿಡುತ್ತದೆ, ಪಕ್ಕದಲ್ಲಿ ಮಲಗಿದ ಗಂಡನೂ ಬಿಡುತ್ತಾನೆ. ಬಟ್ಟಬಯಲಿನ ಗಾಳಿಯಲ್ಲಿ ಅದು ನಿಲ್ಲುವುದೆಲ್ಲಿ? ಈ ವಿವರಣೆಯನ್ನೂ ಮೇಷ್ಟ್ರು ಜಾನಪದ ಕಥೆಗಳ ಪಟ್ಟಿಯಲ್ಲೇ ಸೇರಿಸಿದ್ದಾರೆ.

ಘಟ್ಟ ಇಳಿದಾಗ ಫಜೀತಿಯಾಯಿತು. ಪುತ್ತೂರಿನ ಕಡೆಯ ಒಂದು ಮನೆಯ ಜಗಲಿಯಲ್ಲಿ ಕೂತು, ಬೆಲ್ಲ ನೀರು ಕುಡಿದು, “ನಿಮ್ಮಲ್ಲಿ ಭೂತದ ಕಾಟದ ಕಥೆ ಇದ್ದರೆ ಹೇಳಿ” ಎಂದರು. ಮನೆಯ ಯಜಮಾನರ ಮುಖ ಬಿಗಿಯಿತು. ತುಳುನಾಡಿನಲ್ಲಿ ಭೂತ ಎಂದರೆ ದೈವ. ಕೋಲ ಕೊಟ್ಟು, ಕೈಮುಗಿದು ನ್ಯಾಯ ಕೇಳುವ ಶಕ್ತಿ. “ನೀವು ಕೇಳ್ತಾ ಇರುವುದು ಕುಲೆಯ ವಿಷಯ” ಎಂದು ಅವರು ತಿದ್ದಿದರು. ಸತ್ತವರ ಅಲೆಯುವ ಜೀವಕ್ಕೆ ತುಳುವಿನಲ್ಲಿ ಕುಲೆ ಎನ್ನುತ್ತಾರೆ. ಮೇಷ್ಟ್ರಿಗೆ ಸಮಾಧಾನವೆಂದರೆ ಈ ತಪ್ಪು ಮಾಡಿದವರಲ್ಲಿ ಅವರು ಮೊದಲಿಗರಲ್ಲ. ಬ್ರಿಟಿಷ್ ಅಧಿಕಾರಿ ಎ.ಸಿ. ಬರ್ನೆಲ್ ಸಂಗ್ರಹಿಸಿದ, ದೈವಗಳ ಕಥೆ ಹೇಳುವ ಪಾಡ್ದನದ ಹಾಡುಗಳು 1890ರ ದಶಕದಲ್ಲಿ ಅಚ್ಚಾದದ್ದು ತುಳುವರ ‘ಪಿಶಾಚಿ ಪೂಜೆ’ ಎಂಬರ್ಥದ ಇಂಗ್ಲಿಷ್ ಹೆಸರಿನಲ್ಲಿ. ಇತ್ತ ಕನ್ನಡದಲ್ಲಿ ದೈವ ಎಂಬ ಮಾತೇ ಸವೆದು ದೆವ್ವವಾಗಿದೆ. ಘಟ್ಟದ ಕೆಳಗೆ ಪೂಜೆ, ಮೇಲೆ ಬೇವಿನ ಸೊಪ್ಪಿನ ಏಟು.

ಆ ಯಜಮಾನರೇ ಕುಲೆ ಮದುವೆಯ ವಿಷಯ ಹೇಳಿದ್ದು. ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಮಕ್ಕಳಿಗೆ, ಬದುಕಿದ್ದರೆ ಮದುವೆಯ ವಯಸ್ಸಾಗುತ್ತಿತ್ತು ಎನ್ನುವಾಗ, ಅದೇ ರೀತಿ ತೀರಿಕೊಂಡ ಸಂಬಂಧ ಹುಡುಕಿ ಆಟಿ ತಿಂಗಳಲ್ಲಿ ಮದುವೆ ಮಾಡುತ್ತಾರೆ. ಕುರ್ಚಿಯಲ್ಲಿ ಸೀರೆ, ಪಂಚೆ ಇಟ್ಟು ಧಾರೆ, ಮೆರವಣಿಗೆ, ಬಾಳೆಲೆಯಲ್ಲಿ ಊಟ. 2022ರಲ್ಲಿ ಇಂಥ ಮದುವೆಗೆ ಹೋಗಿಬಂದ ಒಬ್ಬರು ಬರೆದದ್ದು ದೇಶವೆಲ್ಲ ಸುತ್ತಿತು. ಹುಡುಗಿ ಹುಡುಗನಿಗಿಂತ ಕೆಲವು ವರ್ಷ ದೊಡ್ಡವಳೆಂದು ಒಂದು ಸಂಬಂಧ ಮುರಿದುಬಿದ್ದ ಸುದ್ದಿಯೂ ಅದರಲ್ಲಿತ್ತು. 2024ರಲ್ಲಿ ಪುತ್ತೂರಿನ ಕುಟುಂಬವೊಂದು ಮೂವತ್ತು ವರ್ಷದ ಹಿಂದೆ ಹೋದ ಕೂಸಿಗೆ ವರ ಬೇಕೆಂದು ಪತ್ರಿಕೆಯಲ್ಲಿ ಜಾಹೀರಾತೇ ಕೊಟ್ಟಿತು. ನಗು ಬರಬೇಕಾದ ಜಾಗವೇ. ಆದರೆ ಜಗಲಿಯ ಮೂಲೆಯಲ್ಲಿ ಕೂತಿದ್ದ ಯಜಮಾನರ ಹೆಂಡತಿ, “ನಮ್ಮದೂ ಒಂದಿತ್ತು, ಈಗ ಇಪ್ಪತ್ತೆಂಟು ಆಗ್ತಿತ್ತು” ಎಂದಾಗ ಮೇಷ್ಟ್ರು ಮೊಬೈಲು ಆಫ್ ಮಾಡಿ ಚೀಲದೊಳಗೆ ಇಟ್ಟರು.

ಬ್ರಹ್ಮರಾಕ್ಷಸನ ಪಾಡು ಬೇರೆ. ಓದಿದ್ದರ ಭಾರಕ್ಕೆ ಮರ ಹತ್ತಿದವನು ಅವನು. ಕಥೆಗಳಲ್ಲಿ ಸೋಲುವುದೂ ಅವನೇ. ಹೇಳಿದ ಕೆಲಸವನ್ನೆಲ್ಲ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಸಿ ಇನ್ನೇನು, ಇನ್ನೇನು ಎಂದು ಪ್ರಾಣ ತಿನ್ನುವ ಈ ಆಳಿಗೆ ಮನೆಯೊಡತಿ ಒಂದು ಗುಂಗುರು ಕೂದಲು ಕೊಟ್ಟು “ಇದನ್ನು ನೆಟ್ಟಗೆ ಮಾಡು” ಎನ್ನುತ್ತಾಳೆ. ಅಲ್ಲಿಗೆ ಅವನ ಕಥೆ ಮುಗಿಯಿತು. ಗಯ್ಯಾಳಿ ಹೆಂಡತಿಯ ಹೆಸರೆತ್ತಿದರೆ ಮರ ಬಿಟ್ಟು ಓಡುವ ಭೂತವಂತೂ ಸಂಸ್ಕೃತದ ಶುಕಸಪ್ತತಿಯಲ್ಲೂ ಇದೆ, ಯುರೋಪಿನಲ್ಲೂ ಇದೆ. ಇದನ್ನು ಮೇಷ್ಟ್ರು ಮನೆಯಲ್ಲಿ ಓದಿ ಹೇಳಲಿಲ್ಲ.

ಎಲ್ಲಕ್ಕಿಂತ ಒಳ್ಳೆಯ ಕಥೆಗಾತಿ ಸಿಕ್ಕಿದ್ದು ಸಾಗರದ ಹತ್ತಿರ, ಎಂಬತ್ತು ದಾಟಿದ ಅಜ್ಜಿ. ಮಧ್ಯಾಹ್ನ ಹೋದರೆ ಬಾಯಿ ಬಿಡಲಿಲ್ಲ. “ಹಗಲು ಕಥೆ ಹೇಳಿದ್ರೆ ದಾರೀಲಿ ಹೋಗೋರು ದಾರಿ ತಪ್ತಾರೆ ಮೇಷ್ಟ್ರೇ.” ರಾತ್ರಿಯವರೆಗೆ ಕಾದರು. ಏಳೂವರೆಗೆ ಕರೆಂಟು ಹೋಯಿತು, ಅಜ್ಜಿಗೆ ಹುರುಪು ಬಂತು, ಮೊಬೈಲಿನ ಚಾರ್ಜು ಮುಗಿಯಿತು. ಮೂರು ಗಂಟೆಯ ಆ ಸಂಪತ್ತಿನಲ್ಲಿ ಕತ್ತಲೆಯಲ್ಲಿ ಗೀಚಿಕೊಂಡದ್ದೇ ಉಳಿದದ್ದು. ಅದರಲ್ಲೂ ಒಂದು ಪುಟದಲ್ಲಿ ಎರಡು ಸಾಲು ಒಂದರ ಮೇಲೊಂದು ಕೂತಿವೆ. ಸ್ಪಷ್ಟವಾಗಿ ಓದಲು ಬರುವುದು ಅಜ್ಜಿಯ ಕಟ್ಟಪ್ಪಣೆ: ರಾತ್ರಿ ಯಾರೇ ಹೆಸರು ಹಿಡಿದು ಕರೆದರೂ ಒಂದೇ ಕೂಗಿಗೆ ಓಗೊಡಬಾರದು, ದೆವ್ವಕ್ಕೆ ಮೂರು ಸಲ ಕೂಗಲು ಬರುವುದಿಲ್ಲ.

1990ರ ದಶಕದಲ್ಲಿ ಬೆಂಗಳೂರಿನ ಬಾಗಿಲು ಬಾಗಿಲಿಗೂ ‘ನಾಳೆ ಬಾ’ ಎಂದು ಬರೆಸಿದ ದೆವ್ವವೂ ಹೀಗೇ ಮನೆಯವರ ದನಿಯಲ್ಲಿ ಕರೆಯುತ್ತಿತ್ತಂತೆ. ಕನ್ನಡ ಓದಲು ಬರುವ, ಓದಿದ್ದಕ್ಕೆ ಮರ್ಯಾದೆ ಕೊಡುವ, ಕಚೇರಿಗೆ ಅಲೆದು ಪಳಗಿದವರಂತೆ ಮರುದಿನ ಮತ್ತೆ ಬರುವ ಸಂಭಾವಿತ ದೆವ್ವ. 2018ರಲ್ಲಿ ‘ಸ್ತ್ರೀ’ ಚಿತ್ರ ಅದನ್ನು ಹಿಂದಿಗೂ ಕರೆದೊಯ್ದಿತು.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಹನ್ನೊಂದರ ಸುಮಾರಿಗೆ ಮೇಷ್ಟ್ರು ಇದೇ ಟಿಪ್ಪಣಿಗಳನ್ನು ತಿದ್ದುತ್ತ ಕೂತಿದ್ದಾಗ ಹೊರಗಿನಿಂದ ಯಾರೋ ಅವರನ್ನು ಕರೆದರು. ಒಂದೇ ಸಲ. ಮೇಷ್ಟ್ರಿಗೆ ನಂಬಿಕೆಯಿಲ್ಲ ಎಂದು ಮೊದಲೇ ಹೇಳಿದೆಯಷ್ಟೆ. ಆದರೂ ಪೆನ್ನು ಹಿಡಿದ ಕೈ ಹಾಗೇ ನಿಂತಿತು, ಎರಡನೆಯ ಕೂಗಿಗೆ ಕಾದರು, ಬರಲಿಲ್ಲ. ದೀಪ ಆರಿಸದೆ ಮಲಗಿದರು.

ಬೆಳಿಗ್ಗೆ ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಹೇಳಿದರು: “ರಾತ್ರಿ ಕರೆದೆ ಸಾರ್, ನಿಮ್ಮ ಕಾರಿನ ಲೈಟು ಉರೀತಾನೇ ಇತ್ತು. ಮಲಗಿದ್ದೀರಿ ಅಂತ ಸುಮ್ಮನಾದೆ.” ಬ್ಯಾಟರಿ ಪೂರ್ತಿ ಕೂತುಹೋಗಿತ್ತು. ವೈರು ಹಚ್ಚಿ ಗಾಡಿ ಎಬ್ಬಿಸಲು ಬಂದ ಮೆಕ್ಯಾನಿಕ್ ಹುಡುಗ ಎಲ್ಲ ಕೇಳಿಸಿಕೊಂಡ, ನಗಲಿಲ್ಲ. ಕೈ ಒರೆಸಿಕೊಳ್ಳುತ್ತ, “ನೀವು ಮಾಡಿದ್ದೇ ಸರಿ ಸಾರ್. ನಮ್ಮ ಭಾವನ ಫ್ರೆಂಡ್ ಒಬ್ಬ ಇದ್ದ, ಪಕ್ಕದೂರಿನೋನು…” ಎಂದು ಶುರು ಮಾಡಿದ.

ಮೇಷ್ಟ್ರು ಚೀಲ ತರಲು ಒಳಗೆ ಓಡಿದರು.